ಫೋನು ಪಾಠ ಹೇಳುವದೋ, ಪ್ರಶ್ನೆ ಕೇಳುವದೋ?

ಪರೀಕ್ಷೆಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಕಟಕಟೆಯಲ್ಲಿ ನಿಲ್ಲುವ ಅಪರಾಧಿ ಫೋನು. ಮಗನ ಅಂಕಗಳು ಇಳಿದರೆ ಫೋನು, ಮಗಳ ತಲೆ ನೊಂದರೆ ಫೋನು. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಫೋನು. ಈ ಆರೋಪಗಳೆಲ್ಲ ಸುಳ್ಳೆಂದು ವಾದಿಸಲು ನಾನು ಲೇಖನಿ ಹಿಡಿದಿಲ್ಲ. ಅನೇಕ ಆರೋಪಗಳು ನಿಜವೇ ಆಗಿರುವವು. ಆದರೆ ತೀರ್ಪು ಕೊಡುವ ಹಿರಿಯರು ಒಂದು ಮಾತನ್ನು ಮರೆತಿರುವರೆಂದು ನನಗೆ ತೋರುತ್ತದೆ. ಈ ಅಪರಾಧಿಯನ್ನು ನಾವು ಮನೆಯೊಳಗೆ ಕರೆತಂದದ್ದು ಅಭ್ಯಾಸದ ಹೆಸರಿನಲ್ಲಿಯೇ.

2020ರ ಮಾರ್ಚದಲ್ಲಿ ಸಾಲೆಗಳು ಮುಚ್ಚಿದಾಗ ನಾನು ಒಂಬತ್ತನೆಯ ಇಯತ್ತೆಯ ಕೊನೆಯಲ್ಲಿದ್ದೆ. ಜುಲೈದಲ್ಲಿ ಚಂದನ ವಾಹಿನಿಯ ಮೇಲೆ 'ಸಂವೇದ' ಪಾಠಗಳು ಬರತೊಡಗಿದವು. ಅಗಸ್ಟದಿಂದ 'ವಿದ್ಯಾಗಮ'ವೆಂದು ಮಾಸ್ತರರೇ ಊರೂರಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಗಿಡದ ನೆರಳಿನಲ್ಲಿ ಹುಡುಗರನ್ನು ಕೂಡಿಸಿದರು. ಅಕ್ಟೋಬರದಲ್ಲಿ ಅದೂ ನಿಂತಿತು. ಉಳಿದದ್ದು ಫೋನು. ತೊಗರಿ ಮಾರಿದ ಹಣದಲ್ಲಿ ಅಪ್ಪ ತಂದ ಆ ಫೋನಿಗೆ ಮನೆಯಲ್ಲಿ ಕುಂಕುಮ ಹಚ್ಚಿದ್ದು ನನಗೆ ಇನ್ನೂ ನೆನಪಿದೆ. ಅದೇ ವರುಷ, ಜೂನದ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ ಜುಲೈದಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸು ಬಂದವು. ಪಾಠವೂ ರೀಲ್ಸೂ ಒಂದೇ ಬಾಗಿಲಿನಿಂದ, ಒಂದೇ ತಿಂಗಳಿನಲ್ಲಿ ನಮ್ಮ ಮನೆಯನ್ನು ಹೊಕ್ಕವು. ಯಾವದು ಹೆಚ್ಚು ಕಾಲ ಉಳಿಯಿತೆಂಬದನ್ನು ಹೇಳಬೇಕಾಗಿಲ್ಲ.

ನಮ್ಮ ತಂಡದವರಿಗೆ ಇನ್ನೊಂದು ವಿಶೇಷವುಂಟು. 2021ರ ಜುಲೈದಲ್ಲಿ ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ ಮುಗಿಸಿದೆವು. ಉತ್ತರ ಬರೆಯುವ ಪ್ರಸಂಗವಿರಲಿಲ್ಲ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿ ಓಎಂಆರ್ ಹಾಳೆಯ ಮೇಲೆ ವರ್ತುಲ ತುಂಬಿದರೆ ತೀರಿತು. ಕಾಲ ಹಾಗಿತ್ತು, ಪರೀಕ್ಷೆ ನಡೆಸಿದವರನ್ನು ದೂರುವದರಲ್ಲಿ ಅರ್ಥವಿಲ್ಲ. ಆದರೆ ಆ ವರುಷ ನಾವು ಕಲಿತದ್ದು ಉತ್ತರವನ್ನು ಕಂಡರೆ ಗುರುತು ಹಿಡಿಯುವ ವಿದ್ಯೆ, ಕಾಣದೆ ನೆನಪಿನಿಂದ ಎತ್ತಿ ತರುವ ವಿದ್ಯೆಯನ್ನಲ್ಲ. ಇವೆರಡರ ಅಂತರ ನನಗೆ ತಿಳಿದದ್ದು ಬಿ.ಎ. ಮೊದಲನೆಯ ಸೆಮಿಸ್ಟರಿನಲ್ಲಿ, ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ನಾಪಾಸಾದಾಗ.

ಆ ನಾಪಾಸಿನ ಕಥೆಯನ್ನು ಸಂಕೋಚವಿಲ್ಲದೆ ಹೇಳುವೆನು, ಏಕೆಂದರೆ ಇದು ನನ್ನೊಬ್ಬನ ಕಥೆಯಲ್ಲವೆಂದು ಬಲ್ಲೆ. ನಾನು ಅಭ್ಯಾಸ ಮಾಡಿರಲಿಲ್ಲವೆಂದು ಯಾರೂ ಹೇಳಲಾರರು. ಪರೀಕ್ಷೆಯ ಮೊದಲಿನ ಹದಿನೈದು ದಿನ ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಪಾಠದ ವಿಡಿಯೋಗಳನ್ನು ನೋಡಿದೆ. ರೀಲ್ಸುಗಳನ್ನಲ್ಲ, ನಿಜವಾದ ಪಾಠಗಳನ್ನು. ಒಳ್ಳೆಯ ಕನ್ನಡದಲ್ಲಿ, ಬಣ್ಣದ ಸುಣ್ಣದಕಡ್ಡಿಯಿಂದ, ಒಬ್ಬ ಅಧ್ಯಾಪಕರು 'ಬೇಡಿಕೆಯ ಸ್ಥಿತಿಸ್ಥಾಪಕತ್ವ'ವನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ತಲೆದೂಗಿದೆ; ಎರಡನೆಯ ಸಲ ನೋಡಿದೆ; ಮೂರನೆಯ ಸಲ ವೇಗ ಹೆಚ್ಚಿಸಿ ನೋಡಿದೆ. ಎಲ್ಲವೂ ತಿಳಿದಿತ್ತು. ಪರೀಕ್ಷೆಯ ಕೋಣೆಯಲ್ಲಿ ಅದೇ ಪ್ರಶ್ನೆ ಬಂದಿತು. ಅದರಲ್ಲಿ ಐದು ಬಗೆಗಳಿವೆ ಎಂಬದು ನೆನಪಾಯಿತು. ಆ ಅಧ್ಯಾಪಕರು ತೊಟ್ಟ ಅಂಗಿಯ ಬಣ್ಣ ನೆನಪಾಯಿತು. ಹಲಗೆಯ ಯಾವ ಮೂಲೆಯಲ್ಲಿ ಚಿತ್ರ ತೆಗೆದಿದ್ದರೆಂಬದೂ ನೆನಪಾಯಿತು. ಐದು ಬಗೆಗಳು ಯಾವವೆಂಬದು ಮಾತ್ರ ಕೊನೆಯ ಗಂಟೆಯವರೆಗೂ ನೆನಪಾಗಲಿಲ್ಲ.

ಫಲಿತಾಂಶ ಬಂದ ದಿನ ಮನೆಯಲ್ಲಿ ಫೋನಿನ ಮೇಲೆಯೇ ಎಲ್ಲರ ಕೋಪ. ಆಗ ನನ್ನ ತಂಗಿ, ಇನ್ನೂ ಎಂಟನೆಯ ಇಯತ್ತೆಯವಳು, ಬೇರೊಂದು ಮಾತು ಹೇಳಿದಳು. ನಾನು "ಎಲ್ಲಾ ನೋಡಿದ್ನೆವಾ, ಮೂರು ಸಲ ನೋಡಿದ್ನಿ" ಎಂದೆ. ಅವಳು ನನ್ನ ಕೈಯಿಂದ ಫೋನು ಕಸಿದು ಹಾಸಿಗೆಯ ಮೇಲೆ ಕವುಚಿ ಇಟ್ಟು, "ನೋಡಿದ್ದು ಖರೆ ಅಣ್ಣಾ. ಈಗ ಹೇಳು ನೋಡೋಣು" ಎಂದಳು. ಹೇಳಲು ಬರಲಿಲ್ಲ. ನನ್ನ ಅಭ್ಯಾಸದಲ್ಲಿ ಕೊರತೆಯಾದದ್ದು ಆ ಒಂದು ಮಾತು. ಫೋನು ಹದಿನೈದು ದಿನ ನನಗೆ ಹೇಳಿತು. ಒಂದು ದಿನವಾದರೂ ನನ್ನನ್ನು ಕೇಳಲಿಲ್ಲ.

ಇದು ತಂಗಿಯ ಜಾಣತನ ಮಾತ್ರವಲ್ಲ, ಶಾಸ್ತ್ರವೂ ಹೌದೆಂದು ಆಮೇಲೆ ತಿಳಿಯಿತು. 2006ರಲ್ಲಿ ಅಮೆರಿಕೆಯ ಸೇಂಟ್ ಲೂಯಿಯಲ್ಲಿರುವ ವಾಶಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಬಳಿಕ ಒಂದು ಸಲ ಅದನ್ನೇ ತಿರುಗಿ ಓದುವದು, ಇನ್ನೊಂದು ಸಲ ಬೇರೊಂದು ಭಾಗವನ್ನು ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯುವದು. ಐದು ನಿಮಿಷದ ನಂತರ ಕೇಳಿದಾಗ ತಿರುಗಿ ಓದಿದ್ದರಲ್ಲಿ ನೂರಕ್ಕೆ 81ರಷ್ಟು, ಮುಚ್ಚಿ ಬರೆದದ್ದರಲ್ಲಿ 75ರಷ್ಟು ನೆನಪಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮೂರು ಸಲದ ವಿಡಿಯೋ ಗೆಲ್ಲುತ್ತಿತ್ತು. ಆದರೆ ಒಂದು ವಾರದ ನಂತರ ಕೇಳಿದಾಗ ತಿರುಗಿ ಓದಿದ್ದು 42ಕ್ಕೆ ಇಳಿದಿತ್ತು. ಮುಚ್ಚಿ ಬರೆದದ್ದು 56ರಲ್ಲಿ ನಿಂತಿತ್ತು. ಪರೀಕ್ಷೆಯು ಐದು ನಿಮಿಷದ ನಂತರ ಬರುವದಿಲ್ಲವಷ್ಟೆ.

ನಮ್ಮ ಹಳೆಯ ಮಾಸ್ತರರಿಗೆ ಈ ಅಂಕಿಗಳು ಗೊತ್ತಿರಲಿಲ್ಲ. ಆದರೆ ಅವರ 'ಉಜಳಣಿ'ಯಲ್ಲಿ ಇದೇ ತತ್ವವಿತ್ತು. ಸಂಜೆ ಮಗ್ಗಿ ಹೇಳಿಸುವಾಗ ಪಾಟಿ ನೋಡಲು ಯಾವ ಮಾಸ್ತರರೂ ಬಿಡುತ್ತಿರಲಿಲ್ಲ.

ನಮ್ಮೂರು ಹಲಸಂಗಿ. ಊರ ಹೆಸರು ಹೇಳಿದೊಡನೆ ಕನ್ನಡದ ಪ್ರಾಧ್ಯಾಪಕರು "ಮಧುರಚೆನ್ನರ ಊರಿನವನೋ?" ಎಂದು ಕೇಳುವರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮುಂತಾದ 'ಹಲಸಂಗಿ ಗೆಳೆಯರು' ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಇದನ್ನು ನಾವು ಸಾಹಿತ್ಯ ಚರಿತ್ರೆಯ ಎರಡು ಅಂಕದ ಪ್ರಶ್ನೆಯೆಂದು ಓದಿ ಬಿಡುತ್ತೇವೆ. ನನಗೆ ಅಲ್ಲಿ ಕಾಣುವದು ಬೇರೆ. ಆ ತಾಯಂದಿರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಾರು? ಕೈ ಬೀಸುಕಲ್ಲಿನ ಗೂಟದ ಮೇಲೆ, ಜೋಳ ಬೀಸುವ ಕೆಲಸ ನಡೆದೇ ಇದೆ; ಹಾಡು ಬಾಯಿಂದ ಬರುತ್ತಿದೆ. ನೋಡಿಕೊಂಡು ಹಾಡಲು ಕಾಗದವಿಲ್ಲ. ಒಬ್ಬಳು ಒಂದು ನುಡಿ ಎತ್ತಿದರೆ ಇನ್ನೊಬ್ಬಳು ಮುಂದಿನದನ್ನು ಹಿಡಿಯಬೇಕು. ನಸುಕಿನಲ್ಲಿ ದಿನವೂ ಎತ್ತಿ ಎತ್ತಿ ಹಾಡಿದ್ದರಿಂದಲೇ ಅಷ್ಟು ಹಾಡುಗಳು ಗೆಳೆಯರ ವಹಿಗಳಿಗೆ ಸಿಗುವವರೆಗೆ ಉಳಿದುಬಂದವು. ಈಗ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಲು ಸೇರಿದೆ. ಆದರೆ ಕೈಗೆ ಕೆಲಸವಿದ್ದು ಬಾಯಿ ಬಿಡುವಾಗಿರುವ ಹೊತ್ತು ನಮ್ಮ ಮನೆಗಳಲ್ಲಿ ಈಗಲೂ ಕಡಿಮೆಯಿಲ್ಲ. ನೀರು ತುಂಬುವದು, ರೊಟ್ಟಿ ಬಡಿಯುವದು, ಎಮ್ಮೆಗೆ ಮೇವು ಹಾಕುವದು, ಬಸ್ಸಿಗಾಗಿ ಕಾಯುವದು. ಫೋನನ್ನು ಅಭ್ಯಾಸಕ್ಕೆ ಹಚ್ಚಬೇಕಾದರೆ ಈ ಹೊತ್ತಿಗೆ ಹಚ್ಚಬೇಕು.

ಈ ವರುಷ ಎಸ್ಸೆಸ್ಸೆಲ್ಸಿಗೆ ಕುಳಿತಿರುವ ನನ್ನ ತಂಗಿ ಇದನ್ನು ಮಾಡುತ್ತಿರುವಳು. ಪಾಠವನ್ನು ಪುಸ್ತಕದಿಂದಲೇ ಓದುವಳು. ಓದಿದ ಮೇಲೆ ಹತ್ತು ಪ್ರಶ್ನೆಗಳನ್ನು ತಾನೇ ತೆಗೆಯುವಳು. ಈ ಕೆಲಸವೇ ಅರ್ಧ ಅಭ್ಯಾಸ. ಪಾಠ ತಿಳಿಯದವನಿಗೆ ಪ್ರಶ್ನೆ ತೆಗೆಯಲು ಬರುವದಿಲ್ಲ. ಬಳಿಕ ಫೋನಿನ ರೆಕಾರ್ಡರಿನಲ್ಲಿ ತನ್ನ ಧ್ವನಿಯಿಂದಲೇ ಒಂದೊಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಇಪ್ಪತ್ತು ಎಣಿಸುವವರೆಗೆ ಸುಮ್ಮನಿದ್ದು, ಮುಂದಿನ ಪ್ರಶ್ನೆಗೆ ಹೋಗುವಳು. ಉತ್ತರವನ್ನು ಮಾತ್ರ ಎಂದೂ ಮುದ್ರಿಸುವದಿಲ್ಲ. ಮರುದಿನ ನಸುಕಿನಲ್ಲಿ ಫೋನು ಫ್ಲೈಟ್ ಮೋಡಿನಲ್ಲಿ ಗೋಡೆಯ ಗೂಡಿನಲ್ಲಿ ಕೂಡ್ರುವದು. "ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳಾವವು?" ಎಂದು ಅದು ಕೇಳುವದು. ಇವಳು ರೊಟ್ಟಿ ಬಡಿಯುತ್ತ ಹೇಳುವಳು. ತಪ್ಪಿದ ಪ್ರಶ್ನೆಗೆ ಪುಸ್ತಕದಲ್ಲಿ ಗುರುತು. ಗುರುತಾದದ್ದು ನಾಳೆ ಮತ್ತೆ, ಬಂದದ್ದು ಮೂರು ದಿನ ಬಿಟ್ಟು, ಆಗಲೂ ಬಂದರೆ ವಾರ ಬಿಟ್ಟು. ಹೀಗೆ ದಿನ ಬಿಟ್ಟು ಬಿಟ್ಟು ಕೇಳುವ ಕ್ರಮವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕನು 1972ರ ತನ್ನ ಪುಸ್ತಕದಲ್ಲಿ ಚೀಟಿಗಳ ಪೆಟ್ಟಿಗೆಯ ರೂಪದಲ್ಲಿ ವಿವರಿಸಿದ್ದನು. ಫೋನಿಲ್ಲದ ಗೆಳತಿಯೊಬ್ಬಳಿಗೆ ತಂಗಿಯು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಥ ಚೀಟಿಗಳನ್ನೇ ಮಾಡಿಕೊಟ್ಟಿರುವಳು. ಹಿಂಬದಿ ಖಾಲಿ ಇರುವ ಲಗ್ನಪತ್ರಿಕೆಗೆ ನಮ್ಮ ಸೀಮೆಯಲ್ಲಿ ಬರವೆಂಬದಿಲ್ಲ.

ಈ ಕ್ರಮಕ್ಕೆ ಡಾಟಾ ಬೇಡ, ಹೊಸ ಆ್ಯಪು ಬೇಡ. ಪರದೆಯನ್ನು ನೋಡುವ ಪ್ರಸಂಗವೇ ಬರುವದಿಲ್ಲವಾದ್ದರಿಂದ ಬೆರಳು ರೀಲ್ಸಿನತ್ತ ಜಾರುವ ಭಯವೂ ಕಡಿಮೆ. ಆದರೆ ಎಲ್ಲ ವಿಷಯಕ್ಕೂ ಇದು ಒಗ್ಗುವದೆಂದು ಹೇಳಲಾರೆ. ಗಣಿತವು ಬಾಯಿಮಾತಿನಿಂದ ಬರುವದಲ್ಲ, ಕೈಯಿಂದ ಬರತಕ್ಕದ್ದು. ನಕಾಶೆಯೂ, ವಿಜ್ಞಾನದ ಚಿತ್ರಗಳೂ ಹಾಗೆಯೇ. ಅಲ್ಲಿ ಫೋನಿನ ಕೆಲಸವೆಂದರೆ ಪರೀಕ್ಷಾ ಮಂಡಳಿಯ ಜಾಲತಾಣದಿಂದ ಮಾದರಿ ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಟ್ಟು ಗಡಿಯಾರದಂತೆ ಮೂರು ತಾಸು ಸುಮ್ಮನೆ ಕೂಡ್ರುವದು. ಬಿಡಿಸಿದ ಮೇಲೆ ಹಾಳೆಯ ಫೋಟೋ ತೆಗೆದು ಒಬ್ಬ ಗೆಳೆಯನಿಗೆ ಕಳಿಸಿ ಅವನಿಂದ ತಿದ್ದಿಸಿಕೊಳ್ಳುವದು. ಒಬ್ಬನಿಗೆ ಎಂದು ಬೇಕೆಂದೇ ಬರೆದಿರುವೆನು. ಎಪ್ಪತ್ತು ಜನರ 'ಸ್ಟಡಿ ಗ್ರೂಪು'ಗಳಲ್ಲಿ ಎರಡು ವಾರದ ಮೇಲೆ ಶುಭೋದಯದ ಹೂವುಗಳ ಹೊರತು ನಾನು ಬೇರೇನನ್ನೂ ಕಂಡಿಲ್ಲ.

ಈಗ ಎ.ಐ. ಎಂಬ ಹೊಸ ಅತಿಥಿಯೂ ಬಂದಿರುವನು. ಪ್ರಶ್ನೆ ಹಾಕಿದರೆ ಕ್ಷಣದಲ್ಲಿ ಹತ್ತು ಅಂಕದ ಉತ್ತರವನ್ನು ಬರೆದುಕೊಡುವನು. ನನ್ನ ಸಹಪಾಠಿಗಳು ಅದನ್ನು ನಕಲು ಮಾಡಿಕೊಂಡು ನೋಟ್ಸು ಎನ್ನುವರು. ಅದೇ ಅತಿಥಿಗೆ "ಈ ಪಾಠದ ಮೇಲೆ ನನಗೆ ಒಂದೊಂದಾಗಿ ಪ್ರಶ್ನೆ ಕೇಳು, ನಾನು ಉತ್ತರಿಸುವವರೆಗೆ ಉತ್ತರ ಹೇಳಬೇಡ" ಎಂದು ಅಪ್ಪಣೆ ಮಾಡಿದರೆ ಹಾಗೆಯೂ ಮಾಡುವನು. ಆದರೆ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುವ ಗುಣ ಅವನಲ್ಲಿರುವದರಿಂದ ಪಠ್ಯಪುಸ್ತಕವು ಮಗ್ಗುಲಲ್ಲಿಯೇ ಇರಬೇಕು.

ಇನ್ನು ಫೋನನ್ನು ಮುಚ್ಚಿಡುವದೇ ಮದ್ದು ಎನ್ನುವವರ ಪಕ್ಷ. ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಅಗಸ್ಟದಿಂದ ದಿನವೂ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗಿಸತೊಡಗಿದರು. ಎಂಟೂವರೆಯವರೆಗೆ ಊರಿಗೆ ಊರೇ ಟಿ.ವಿ.ಯನ್ನೂ ಫೋನನ್ನೂ ಬದಿಗಿಡಬೇಕು; ಹುಡುಗರು ಓದಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರದ ಹಲಗಾದಲ್ಲಿಯೂ 2025ರ ಡಿಸೆಂಬರದಲ್ಲಿ ಇಂಥದೇ ಸೈರನ್ ಬಂದಿತು, ಏಳರಿಂದ ಒಂಬತ್ತರವರೆಗೆ. ಸಮುದ್ರದಾಚೆಯ ಆಸ್ಟ್ರೇಲಿಯವಂತೂ ಅದೇ ತಿಂಗಳು 16 ವರ್ಷದೊಳಗಿನವರು ಸಮಾಜ ಮಾಧ್ಯಮಗಳಲ್ಲಿ ಖಾತೆ ಇಡದಂತೆ ಕಾನೂನನ್ನೇ ಜಾರಿಗೆ ತಂದಿತು. ವಡಗಾಂವದ ಯೋಜನೆಯಲ್ಲಿ ನನಗೆ ಮೆಚ್ಚಿಗೆಯಾದ ಅಂಶವೆಂದರೆ ಅದು ದೊಡ್ಡವರನ್ನೂ ಬಿಟ್ಟಿಲ್ಲ. ಅಪ್ಪನು ಪಡಸಾಲೆಯಲ್ಲಿ ಕ್ರಿಕೆಟ್ ನೋಡುತ್ತ, ಅವ್ವನು ಧಾರಾವಾಹಿ ನೋಡುತ್ತ, "ಓದೋ, ಓದೋ" ಎಂದರೆ ಯಾವ ಹುಡುಗನ ಕಿವಿಗೂ ಹೋಗುವದಿಲ್ಲ. ನಮ್ಮೂರಿನಲ್ಲಿಯೂ ಸೈರನ್ ಬಂದರೆ ನಾನು ವಿರೋಧಿಸುವವನಲ್ಲ. ಆದರೆ ಸೈರನ್ ಓದುವ ಹೊತ್ತನ್ನು ಕೊಡಬಲ್ಲದು. ಆ ಹೊತ್ತಿನಲ್ಲಿ ಹುಡುಗನು ಗೈಡಿನ ಮೇಲೆ ಕಣ್ಣಾಡಿಸುತ್ತ ಕುಳಿತರೆ ಫೋನಿನ ಮೇಲೆ ಕಣ್ಣಾಡಿಸಿದ ನನ್ನ ಗತಿಯೇ ಅವನದೂ ಆದೀತು.

ಮೇಲಾಗಿ, ಫೋನು ಕಸಿದುಕೊಳ್ಳುವ ನ್ಯಾಯವು ನಮ್ಮ ಕಡೆಗೆ ಎಲ್ಲರಿಗೂ ಒಂದೇ ಆಗಿಲ್ಲ. ಈ ಮಾತನ್ನು ಬರೆಯುವಾಗ ನನ್ನ ಮನೆಯನ್ನೂ ಹೊರತುಪಡಿಸಲಾರೆ. ನಾನು ನಾಪಾಸಾದೆನು, ಆದರೂ ಫೋನು ನನ್ನ ಕಿಸೆಯಲ್ಲಿಯೇ ಉಳಿಯಿತು, "ಗಂಡುಹುಡುಗ, ಊರ ಹೊರಗೆ ಹೋಗುವವ" ಎಂದು. ವರ್ಗದಲ್ಲಿ ಮುಂದಿರುವ ನನ್ನ ತಂಗಿಗೆ ಇಂದಿಗೂ ಸ್ವಂತ ಫೋನಿಲ್ಲ. ಸಂಜೆ ನಾನು ಮನೆಗೆ ಬಂದ ಮೇಲೆ ಅವಳ ಪಾಳಿ. ಅವಳ ಓಣಿಯ ಗೆಳತಿಯೊಬ್ಬಳ ಕೈಯಲ್ಲಿ ಫೋನು ಕಂಡಿತೆಂದು ಮನೆಯಲ್ಲಿ ಗದ್ದಲವಾಯಿತು. ಫೋನಿನ ಹಿಂದೆಯೇ ಕಾಲೇಜಿನ ಮಾತೂ ನಿಂತು, ವರ ನೋಡುವ ಮಾತು ಹೊರಟಿತು. ಹುಡುಗನ ಫೋನು ಅವನ ಅಂಕಗಳನ್ನು ಕೆಡಿಸೀತೆಂದು ಹೆದರುವವರು ಹುಡುಗಿಯ ಫೋನಿಗೆ ಬೇರೆಯೇ ಕಾರಣಕ್ಕಾಗಿ ಹೆದರುವರು, ಮತ್ತು ಆ ಹೆದರಿಕೆಗೆ 'ಅಭ್ಯಾಸ ಕೆಡುತ್ತದೆ' ಎಂಬ ಸಭ್ಯ ಹೆಸರನ್ನು ಇಡುವರು. ಆದ್ದರಿಂದ 'ಫೋನು ವಿದ್ಯಾರ್ಥಿಯ ಶತ್ರು' ಎಂದು ಯಾರಾದರೂ ವೇದಿಕೆಯ ಮೇಲೆ ಗುಡುಗಿದಾಗ ಚಪ್ಪಾಳೆ ತಟ್ಟಲು ನನಗೆ ಕೈ ಬರುವದಿಲ್ಲ. ಆ ಮಾತಿನ ಬೆಲೆಯನ್ನು ತೆರುವವಳು ಯಾರೆಂಬದು ನನಗೆ ಗೊತ್ತು.

ಫೋನನ್ನು ಪೂರ್ಣ ದೂರ ಮಾಡಲು ಬಾರದ ಮನೆಗಳೂ ಇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಗಳಿಂದ ಸುಗ್ಗಿ ತೀರಿದ ಮೇಲೆ ಗೋವೆಗೆ, ಪುಣೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರದ ಹೊಲಗಳಿಗೆ ದುಡಿಯಲು ಹೋಗುವವರು ಎಷ್ಟೋ ಜನ. ಮಕ್ಕಳು ಅಜ್ಜಿಯ ಹತ್ತಿರ. ತಾಯಿಯ ದನಿ ಕೇಳುವದು ರಾತ್ರಿ ಎಂಟರ ಸುಮಾರಿಗೆ, ಆ ಫೋನಿನಲ್ಲಿ. ಸೈರನ್ ಆಗಿದೆಯೆಂದು ಆ ಫೋನನ್ನು ಆರಿಸು ಎನ್ನಲು ಯಾರಿಗೆ ಬಾಯಿ ಬಂದೀತು? ಅಂಥ ಹುಡುಗನೊಬ್ಬನಿಗೆ ನಾನು ತಂಗಿಯ ಕ್ರಮವನ್ನು ಹೇಳಿಕೊಟ್ಟೆ. ಅವನು ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದನು. ಪುಣೆಯಲ್ಲಿರುವ ತಾಯಿಗೆ ಪ್ರಶ್ನೆಗಳನ್ನು ಮೊದಲೇ ಧ್ವನಿಯಲ್ಲಿ ಕಳಿಸುವನು. ಆಕೆ ರಾತ್ರಿ ಅವನ್ನು ಕೇಳಿಕೊಂಡು ತನ್ನ ಬಾಯಿಂದ ಅವನಿಗೆ ಕೇಳುವಳು. ಆಕೆಗೆ ಉತ್ತರ ತಿಳಿಯದು. ಆದರೆ ಮಗ ತಡವರಿಸಿದ್ದು ತಿಳಿಯುವದಂತೆ.

ಎಸ್ಸೆಸ್ಸೆಲ್ಸಿಯವರಿಗೂ ಪಿಯುಸಿಯವರಿಗೂ 2024ರಿಂದ ವರುಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಬಿದ್ದವನು ಏಳಲು ಇದೊಂದು ದೊಡ್ಡ ಉಪಕಾರವೇ. ಆದರೆ "ಪರೀಕ್ಷೆ-1 ಹೋದರೆ ಪರೀಕ್ಷೆ-2 ಐತಲ್ಲ" ಎಂದು ಫೋನು ಕೈಗೆತ್ತಿಕೊಳ್ಳುವವರನ್ನೂ ನಾನು ಕಂಡಿರುವೆನು. ಅವರಿಗೆ ನನ್ನ ಲೇಖನದಿಂದ ಉಪಯೋಗವಾಗಲಿಕ್ಕಿಲ್ಲ. ನಾನು ಬರೆದದ್ದು ನನ್ನಂಥವರಿಗಾಗಿ, ಅಂದರೆ ನಿಜವಾಗಿಯೂ ಕುಳಿತು, ನಿದ್ದೆಗೆಟ್ಟು, ಎಲ್ಲವನ್ನೂ ನೋಡಿ, ಏನನ್ನೂ ಬರೆಯಲಾರದೆ ಹೊರಬಂದವರಿಗಾಗಿ. ಅರ್ಥಶಾಸ್ತ್ರದ ಆ ಪತ್ರಿಕೆಯನ್ನು ನಾನು ಮುಂದಿನ ಸಲ ತಂಗಿಯ ಕ್ರಮದಿಂದಲೇ ಪಾಸು ಮಾಡಿದೆನು. ಬಂದ ಅಂಕಗಳು ಹೆಮ್ಮೆಯಿಂದ ಹೇಳಿಕೊಳ್ಳುವಂಥವಲ್ಲ. ಐದು ಬಗೆಗಳು ಮಾತ್ರ ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವವು.

ಮೊನ್ನೆ ನಸುಕಿನಲ್ಲಿ ಗೂಡಿನೊಳಗಿನ ಫೋನು ಸಹಾಯಕ ಸೈನ್ಯ ಪದ್ಧತಿಯನ್ನು ಕೇಳಿತು. ತಂಗಿಯು ರೊಟ್ಟಿ ಬಡಿಯುತ್ತ, ದೇಶೀಯ ರಾಜನು ಇಂಗ್ಲಿಷರ ಸೈನ್ಯವನ್ನು ತನ್ನ ರಾಜ್ಯದಲ್ಲಿರಿಸಿಕೊಳ್ಳಬೇಕು, ಅದರ ಖರ್ಚನ್ನು ತಾನೇ ಕೊಡಬೇಕು, ಆಸ್ಥಾನದಲ್ಲಿ ರೆಸಿಡೆಂಟನನ್ನು ಇಟ್ಟುಕೊಳ್ಳಬೇಕು, ಹೈದರಾಬಾದಿನ ನಿಜಾಮನು 1798ರಲ್ಲಿ ಮೊದಲು ಒಪ್ಪಿದನು ಎಂದು ಒಪ್ಪಿಸುತ್ತಿದ್ದಳು. ಒಲೆಯ ಮುಂದೆ ಚಹಕ್ಕಾಗಿ ಕಾಯುತ್ತಿದ್ದ ನಮ್ಮ ಆಯಿ ಇದನ್ನು ಎಷ್ಟು ದಿನದಿಂದ ಕೇಳುತ್ತಿದ್ದಳೋ ಏನೋ, ನಡುವೆ ಬಾಯಿ ಹಾಕಿದಳು: "ಅಲ್ಲವಾ, ಮಂದಿ ದಂಡು ತನ್ನ ಮನ್ಯಾಗ ಇಟಗೊಂಡು, ಮ್ಯಾಲ ಪಗಾರಾನೂ ತಾನ ಕೊಡಾಕ ಆ ನಿಜಾಮ ಹ್ಯಾಂಗ ಒಪ್ಪಿದ?"

ತಂಗಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಗೈಡಿನಲ್ಲಿ ಹುಡುಕಿದಳು, ಇರಲಿಲ್ಲ. ಸಂಜೆ ಸಾಲೆಯಿಂದ ಬಂದವಳೇ, ಚೀಲವನ್ನೂ ಇಳಿಸದೆ, 1795ರಲ್ಲಿ ಖರ್ಡಾದ ಕಾಳಗದಲ್ಲಿ ನಿಜಾಮನು ಮರಾಠರಿಗೆ ಸೋತು ಹಣ್ಣಾಗಿದ್ದನೆಂದೂ, ಅವರ ಅಂಜಿಕೆಯಿಂದಲೇ ಇಂಗ್ಲಿಷರ ದಂಡಿಗೆ ಒಪ್ಪಿದನೆಂದೂ ಆಯಿಗೆ ಹೇಳಿದಳು. ಬಳಿಕ ನನ್ನ ಕಿಸೆಯಿಂದ ಫೋನು ತೆಗೆದುಕೊಂಡು, ರೆಕಾರ್ಡರು ಒತ್ತಿ, ಹನ್ನೊಂದನೆಯ ಪ್ರಶ್ನೆಯನ್ನು ಸೇರಿಸಿದಳು.